ಹೆಸರಿನಲ್ಲಿ ಉಳಿದ ನೀಲಿ

‘ಅನಿಲೀನ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗರಿಗೆ ನೆನಪಾಗುವುದು ‘ಅನಿಲ’. ಗಾಳಿಗೂ ಈ ಪದಾರ್ಥಕ್ಕೂ ಏನೋ ನಂಟಿರಬೇಕೆಂದು ಊಹಿಸುವುದು ಸಹಜ. ಆದರೆ ಅನಿಲೀನ್ ಗಾಳಿಯಲ್ಲ, ಎಣ್ಣೆಯಂತಹ ದ್ರವ. ಅದರ ಹೆಸರಿನಲ್ಲಿ ಅಡಗಿರುವುದು ನಮ್ಮ ನೀಲಿ. ಸಂಸ್ಕೃತದ ‘ನೀಲ’ ಪಾರಸಿಯಲ್ಲಿ ‘ನೀಲ್’ ಆಯಿತು; ಅರಬ್ಬಿಯ ‘ಅಲ್’ ಎಂಬ ಉಪಪದ ಅದಕ್ಕೆ ಅಂಟಿ ‘ಅನ್ನೀಲ್’ ಆಯಿತು; ಪೋರ್ಚುಗೀಸರ ಬಾಯಲ್ಲಿ ಅದು ‘ಅನಿಲ್’ ಎಂದು ನಿಂತಿತು. ಇದೇ ಬಣ್ಣದ ಮತ್ತೊಂದು ಹೆಸರಾದ ‘ಇಂಡಿಗೊ’ ಗ್ರೀಕರಿಂದ ಬಂದದ್ದು; ‘ಇಂಡಿಯಾದ್ದು’ ಎಂದು ಅದರ ಅರ್ಥ. ಒಂದು ಹೆಸರು ಬಣ್ಣವನ್ನು ಹೇಳಿತು, ಇನ್ನೊಂದು ನಾಡನ್ನು ಹೇಳಿತು. ಈ ಎರಡು ಬೇರುಗಳಿಂದ ರಸಾಯನಶಾಸ್ತ್ರಜ್ಞರು ಹೆಸರುಗಳ ಒಂದು ವಂಶವನ್ನೇ ಬೆಳೆಸಿದ್ದಾರೆ. ಆ ವಂಶದ ಪರಿಚಯವನ್ನು ಮಾಡಿಕೊಡುವುದಷ್ಟೇ ನನ್ನ ಉದ್ದೇಶ.

ನೀಲಿಗಿಡದ ಹಸುರೆಲೆಯಲ್ಲಿ ನೀಲಿ ಇರುವುದಿಲ್ಲ. ಸಕ್ಕರೆಯೊಡನೆ ಬೆಸೆದುಕೊಂಡ ‘ಇಂಡಿಕಾನ್’ ಎಂಬ ಬಣ್ಣವಿಲ್ಲದ ವಸ್ತುವಿರುತ್ತದೆ. ಎಲೆಗಳನ್ನು ತೊಟ್ಟಿಯಲ್ಲಿ ನೆನೆಹಾಕಿದಾಗ ಸಕ್ಕರೆ ಕಳಚಿಕೊಂಡು ‘ಇಂಡಾಕ್ಸಿಲ್’ ಉಳಿಯುತ್ತದೆ. ಅದಕ್ಕೆ ಗಾಳಿಯ ಆಮ್ಲಜನಕ ಸೋಕಿದೊಡನೆ ಎರಡೆರಡು ಅಣುಗಳು ಜೊತೆಗೂಡಿ ಇಂಡಿಗೊ ಆಗುತ್ತದೆ. ನೀಲಿಗೂ ಗಾಳಿಗೂ ನಂಟಿರುವುದು ಇಲ್ಲಿ, ಹೆಸರಿನಲ್ಲಲ್ಲ.

1840ರಲ್ಲಿ ಫ್ರಿಟ್ಶೆ ಎಂಬಾತನು ಇಂಡಿಗೊವನ್ನು ಕಾಸ್ಟಿಕ್ ಪೊಟ್ಯಾಷಿನೊಡನೆ ಬಟ್ಟಿಯಿಳಿಸಿ ಒಂದು ಎಣ್ಣೆಯನ್ನು ಪಡೆದು, ಅದಕ್ಕೆ ‘ಅನಿಲೀನ್’ ಎಂದು ಹೆಸರಿಟ್ಟನು. ಆದರೆ ಆ ಕೂಸಿಗೆ ಆಗಲೇ ಎರಡು ಸಲ ನಾಮಕರಣವಾಗಿತ್ತು. 1826ರಲ್ಲಿ ಉನ್‌ಫರ್ಡಾರ್ಬೆನ್ ಅದನ್ನು ಇಂಡಿಗೊವಿನಿಂದಲೇ ಪಡೆದು ‘ಕ್ರಿಸ್ಟಲೀನ್’ ಎಂದಿದ್ದನು. 1834ರಲ್ಲಿ ರುಂಗೆ ಕಲ್ಲಿದ್ದಲಿನ ಡಾಂಬರಿನಿಂದ ತೆಗೆದು ‘ಕಯಾನೋಲ್’ ಎಂದಿದ್ದನು. 1842ರಲ್ಲಿ ಝೀನಿನ್ ನೈಟ್ರೊಬೆಂಜೀನಿನಿಂದ ತಯಾರಿಸಿ ‘ಬೆಂಜಿಡಾಮ್’ ಎಂದನು. ನಾಲ್ಕೂ ಒಂದೇ ವಸ್ತುವೆಂದು 1843ರಲ್ಲಿ ಹಾಫ್‌ಮನ್ ತೋರಿಸಿಕೊಟ್ಟನು. ಗಿಡದಿಂದ ಬಂದದ್ದೂ ಕಲ್ಲಿದ್ದಲಿನಿಂದ ಬಂದದ್ದೂ ಒಂದೇ ಎಂಬ ಅರಿವು ಹೆಸರು ಒಂದಾದಾಗ ಸ್ಥಿರವಾಯಿತು. ಉಳಿದ ಮೂರು ಹೆಸರುಗಳು ಅಳಿದು, ನೀಲಿಯ ಹೆಸರು ಉಳಿಯಿತು.

ಹೆಸರು ಒಂದಾದರೆ ಸಾಲದು, ಅದು ವಸ್ತುವಿನ ರಚನೆಯನ್ನೂ ಹೇಳಬೇಕು. 1883ರಲ್ಲಿ ಬೇಯರ್ ಇಂಡಿಗೊವಿನ ರಚನೆಯನ್ನು ನಿರ್ಧರಿಸಿದನು. ಅದರ ತಳಹದಿ ‘ಇಂಡೋಲ್’: ಬೆಂಜೀನಿನ ಆರು ಮೂಲೆಯ ಉಂಗುರಕ್ಕೆ, ಸಾರಜನಕವುಳ್ಳ ಐದು ಮೂಲೆಯ ಉಂಗುರವೊಂದು ಅಂಟಿಕೊಂಡ ಆಕೃತಿ. ಉಂಗುರದ ಪರಮಾಣುಗಳಿಗೆ ಮನೆಗಳಿಗೆ ಹಾಕುವಂತೆ ಸಂಖ್ಯೆ ಹಾಕುತ್ತಾರೆ. ಇಂಡಿಗೊವಿನಲ್ಲಿ ಇಂತಹ ಎರಡು ಭಾಗಗಳು ತಮ್ಮ 2ನೆಯ ಸ್ಥಾನಗಳಲ್ಲಿ ಜೋಡಿಬಂಧದಿಂದ ಕೂಡಿವೆ. 3ನೆಯ ಸ್ಥಾನಗಳಲ್ಲಿ ಆಮ್ಲಜನಕವಿದೆ. ಇದನ್ನೇ ಶಾಸ್ತ್ರೀಯ ನಾಮವು ‘2,2′-ಬೈಇಂಡೋಲಿನಿಲಿಡೀನ್-3,3′-ಡೈಓನ್’ ಎನ್ನುತ್ತದೆ. ನಾಲಿಗೆ ತೊಡರಿದರೂ, ವಸ್ತುವನ್ನು ಎಂದೂ ಕಾಣದವನು ಈ ಹೆಸರೊಂದರಿಂದಲೇ ಅದರ ಚಿತ್ರವನ್ನು ಬರೆಯಬಲ್ಲ. ರೋಮಿನ ದೊರೆಗಳು ಉಟ್ಟ ಟೈರ್ ಪಟ್ಟಣದ ನೇರಳೆ ಬಣ್ಣವನ್ನು 1909ರಲ್ಲಿ ಫ್ರೀಡ್‌ಲೆಂಡರ್ 12,000 ಕಡಲ ಬಸವನಹುಳುಗಳಿಂದ ತೆಗೆದನು, ದೊರೆತದ್ದು 1.4 ಗ್ರಾಂ. ಅದು ‘6,6′-ಡೈಬ್ರೋಮೊಇಂಡಿಗೊ’ ಎಂದು ತಿಳಿಯಿತು. ಇಂಡಿಗೊವಿನ ಎರಡು ಸ್ಥಾನಗಳಲ್ಲಿ ಬ್ರೋಮೀನ್ ಕುಳಿತರೆ ಅದೇ ಆ ರಾಜವರ್ಣ. ಹೆಸರುಗಳನ್ನು ನೋಡಿದರೆ ಸಾಕು, ರೈತನ ನೀಲಿಯೂ ದೊರೆಯ ನೇರಳೆಯೂ ಒಂದೇ ಮನೆಯವೆಂದು ತಿಳಿಯುತ್ತದೆ.

ಹಳೆಯ ಹೆಸರುಗಳು ರಚನೆಯನ್ನು ಹೇಳಲಾರವು. ಆದರೆ ಬೇರೊಂದು ಸಂಗತಿಯನ್ನು ಹೇಳುತ್ತವೆ. 1841ರಲ್ಲಿ ಫ್ರಿಟ್ಶೆ ಇಂಡಿಗೊವಿನಿಂದಲೇ ಪಡೆದ ಮತ್ತೊಂದು ವಸ್ತುವಿಗೆ ‘ಆಂತ್ರನಿಲಿಕ್ ಆಮ್ಲ’ ಎಂದು ಹೆಸರು. ‘ಆಂತ್ರ’ ಎಂಬುದು ಗ್ರೀಕಿನಲ್ಲಿ ಕಲ್ಲಿದ್ದಲು, ‘ಅನಿಲ್’ ನೀಲಿ. 1897ರಲ್ಲಿ ಜರ್ಮನಿಯ ಒಂದು ಕಾರ್ಖಾನೆ ಕಲ್ಲಿದ್ದಲಿನ ಡಾಂಬರಿನಿಂದ ಇದೇ ಆಮ್ಲವನ್ನು ಮಾಡಿ, ಅದರಿಂದ ಇಂಡಿಗೊವನ್ನು ತಯಾರಿಸಿ ಪೇಟೆಗೆ ತಂದಿತು. 1865ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆಯ ಹೆಸರು ‘ಬಾಡಿಷೆ ಅನಿಲೀನ್ ಉಂಟ್ ಸೋಡಾ ಫಾಬ್ರಿಕ್’. ನಮ್ಮ ನೀಲಿಯ ವ್ಯಾಪಾರವನ್ನು ಮುಳುಗಿಸಿದ ಕಾರ್ಖಾನೆಯ ಹೆಸರಿನೊಳಗೇ ನಮ್ಮ ‘ನೀಲ’ ಕುಳಿತಿತ್ತು.

ಬಂಗಾಳದಲ್ಲಿ 1859ರಲ್ಲಿ ದಂಗೆಯೆದ್ದ ರೈತರಿಗೆ ನೀಲಿ ಎಂದರೆ ಬಲವಂತದ ಬೆಳೆ. ಬಿಹಾರದ ಚಂಪಾರಣ್ಯದಲ್ಲಿ ರೈತನು ತನ್ನ ಹೊಲದ 20 ಪಾಲಿನಲ್ಲಿ 3 ಪಾಲನ್ನು ಅದಕ್ಕೇ ಬಿಡಬೇಕಾಗಿತ್ತು. ಕಾರ್ಖಾನೆಯ ನೀಲಿಯಿಂದ ಬೇಡಿಕೆ ಕುಸಿದಾಗ, ತೋಟದ ದೊರೆಗಳು ಆ ಕಟ್ಟಿನಿಂದ ರೈತನನ್ನು ಬಿಡುವುದಕ್ಕೂ ಗೇಣಿಯೇರಿಸಿ ಬೆಲೆ ಕೇಳಿದರು. ಗಾಂಧೀಜಿಯವರು 1917ರಲ್ಲಿ ಅಲ್ಲಿಗೆ ಹೋದದ್ದು ಈ ಸಂಕಟವನ್ನು ವಿಚಾರಿಸಲು.

ಮಲ್ಲಿಗೆಯ ಪರಿಮಳದಲ್ಲಿಯೂ ಇಂಡೋಲ್ ಉಂಟು. ಹೂವನ್ನು ಮೂಸುವಾಗ ನೀಲಿಗಿಡವನ್ನು ನೆನೆಯುವವರು ಯಾರು? ಶಾಸ್ತ್ರೀಯ ನಾಮಗಳು ವಸ್ತುವನ್ನು ತಪ್ಪಿಲ್ಲದೆ ಗುರುತಿಸಲು ಬೇಕು. ಆದರೆ ಅವುಗಳ ನಡುವೆ ಹಳೆಯ ಹೆಸರುಗಳನ್ನೂ ವಿಜ್ಞಾನಿಗಳು ಇನ್ನೂ ಬಳಸುತ್ತಿರುವುದು ನನಗೆ ಸಮಾಧಾನದ ಸಂಗತಿ. ಗಿಡ, ಬಣ್ಣ, ನಾಡು ಮೂರೂ ಅವುಗಳಲ್ಲಿ ಉಳಿದಿವೆ. ಬೆಳೆದವನ ಹೆಸರು ಮಾತ್ರ ಯಾವುದರಲ್ಲಿಯೂ ಇಲ್ಲ; ಅದನ್ನು ನಾವೇ ನೆನೆಯಬೇಕು.