ಗೋಂದು ಬೇಡ, ತೂತು ನೋಡಿ

‘ಸಾಮಿಲ್ಲಿನ ಹೊಟ್ಟನ್ನು ಒತ್ತಿ ಉರುವಲಿನ ಪೆಲೆಟ್ ಮಾಡುವ ಯಂತ್ರವನ್ನು ಮನೆಯಲ್ಲೇ ಕಟ್ಟಿದ್ದೇನೆ. ಹಳೆಯ ಜೀಪಿನ ಡಿಫರೆನ್ಷಿಯಲ್, ಸೆಕೆಂಡ್‌ಹ್ಯಾಂಡ್ ಮೋಟಾರು, ಲೇತ್‌ನವರಿಂದ ಕೊರೆಸಿದ ಡೈ ಪ್ಲೇಟು. ಎಲ್ಲ ಚೆನ್ನಾಗಿ ತಿರುಗುತ್ತದೆ, ಕೆಳಗೆ ಬೀಳುವುದು ಮಾತ್ರ ಬರೀ ಪುಡಿ. ಯಾವ ಗೋಂದು ಬೆರೆಸಲಿ?’ ತಿಪಟೂರಿನ ಕಡೆಯ ಓದುಗರೊಬ್ಬರ ಪ್ರಶ್ನೆ. ಮೈದಾ ಗಂಜಿ, ಕಾಕಂಬಿ, ಕೊನೆಗೆ ಸಗಣಿಯವರೆಗೂ ಅವರಿಗೆ ಸಲಹೆಗಳು ಬಂದಿವೆಯಂತೆ. ಪತ್ರದ ತುದಿಯಲ್ಲಿ ಇನ್ನೊಂದು ಸಾಲಿದೆ: ತೂತು 8 ಮಿ.ಮೀ., ಪ್ಲೇಟಿನ ದಪ್ಪ 12 ಮಿ.ಮೀ. ರೋಗ ಇರುವುದು ಆ ಸಾಲಿನಲ್ಲಿ.

ಯಂತ್ರದ ರಚನೆ ಸರಳ. ತೂತುಗಳಿರುವ ದುಂಡು ಪ್ಲೇಟು, ಅದರ ಮೇಲೆ ಉರುಳುವ ಎರಡು ರೋಲರು. ರೋಲರು ಹೊಟ್ಟನ್ನು ತೂತಿನೊಳಕ್ಕೆ ತುಳಿಯುತ್ತದೆ, ಕೆಳಗೆ ಕಡ್ಡಿಯಾಗಿ ಇಳಿಯುತ್ತದೆ. ನೋಡಿದವರಿಗೆಲ್ಲ ಶಾವಿಗೆ ಒರಳೇ ನೆನಪಾಗುತ್ತದೆ, ಹಾಗಾಗಿಯೇ ಎಲ್ಲರೂ ಎಡವುತ್ತಾರೆ. ಶಾವಿಗೆಯ ಹಿಟ್ಟು ಮೊದಲೇ ಅಂಟಾಗಿ ಬಂದಿರುತ್ತದೆ; ಅಲ್ಲಿ ತೂತಿನ ಕೆಲಸ ಆಕಾರ ಕೊಡುವುದಷ್ಟೆ. ಪೆಲೆಟ್ ಯಂತ್ರದಲ್ಲಿ ಅಂಟು ಹುಟ್ಟುವುದೇ ತೂತಿನೊಳಗೆ.

ಈಗ ನನಗೆ ಅತ್ಯಂತ ಇಷ್ಟವಾದ ಸಂಗತಿಗೆ ಬರುತ್ತೇನೆ. ಆ ತೂತಿಗೆ ತಳವೇ ಇಲ್ಲ. ಮೇಲೂ ಬಾಯಿ, ಕೆಳಗೂ ಬಾಯಿ. ಹಾಗಿದ್ದೂ ಅದರೊಳಗೆ ಚದರ ಸೆಂಟಿಮೀಟರಿಗೆ ಸಾವಿರ ಕಿಲೋ ಆಸುಪಾಸಿನ ಒತ್ತಡ ಏಳುತ್ತದೆ. ತಳವಿಲ್ಲದ ಕೊಳವೆಯಲ್ಲಿ ಯಾವುದಕ್ಕೆ ಒತ್ತಿಕೊಂಡು ಅಷ್ಟು ಒತ್ತಡ?

ಗೋಡೆಗೆ. ಹೊಟ್ಟನ್ನು ಮೇಲಿನಿಂದ ಅದುಮಿದರೆ ಅದು ಪಕ್ಕಕ್ಕೆ ಹಿಗ್ಗಿ ಗೋಡೆಯನ್ನು ಒತ್ತುತ್ತದೆ. ಒತ್ತಿದ್ದರಿಂದ ತಿಕ್ಕಾಟ ಹೆಚ್ಚುತ್ತದೆ, ಕೆಳಕ್ಕೆ ಜಾರಲು ಇನ್ನಷ್ಟು ಬಲ ಬೇಕಾಗುತ್ತದೆ. ಆ ಹೆಚ್ಚಿನ ಬಲ ಹೊಟ್ಟನ್ನು ಮತ್ತಷ್ಟು ಹಿಗ್ಗಿಸಿ, ಗೋಡೆಗೆ ಮತ್ತಷ್ಟು ಬಿಗಿಯಾಗಿ ಕೂರಿಸುತ್ತದೆ. ಹೀಗೆ ತೂತಿನ ಉದ್ದ ಕೂಡುತ್ತ ಹೋದಂತೆ ಒತ್ತಡ ಗುಣಿಸುತ್ತ ಹೋಗುತ್ತದೆ. ಒಂದೆರಡು ಮಿ.ಮೀ. ಹೆಚ್ಚಾದರೂ ಮೋಟಾರು ನರಳತೊಡಗುತ್ತದೆ, ಇನ್ನೊಂದಿಷ್ಟು ಹೆಚ್ಚಾದರೆ ನಿಂತೇಬಿಡುತ್ತದೆ. ತೂತು ಕುಳ್ಳಾದರೆ ಹೊಟ್ಟು ಗೋಡೆಯ ಪರಿಚಯವಾಗುವ ಮೊದಲೇ ಹೊರಗೆ ಉದುರುತ್ತದೆ. ತಿಪಟೂರಿನಲ್ಲಿ ಆಗಿರುವುದು ಇದೇ.

ಈ ಲೆಕ್ಕದ ಬೇರು ಇರುವುದು ಧಾನ್ಯದ ಕಣಜದಲ್ಲಿ. 1895ರಲ್ಲಿ ಜಾನ್ಸೆನ್ ಎಂಬ ಜರ್ಮನ್ ಎಂಜಿನಿಯರ್ ಎತ್ತರದ ಕಣಜಗಳ ತಳದ ಮೇಲೆ ಬೀಳುವ ಒತ್ತಡವನ್ನು ಅಳೆದು ಬರೆದರು. ಒಂದು ಮಟ್ಟ ದಾಟಿದ ಮೇಲೆ ಎಷ್ಟೇ ಕಾಳು ಸುರಿದರೂ ತಳದ ಒತ್ತಡ ಏರುವುದಿಲ್ಲ. ಮಿಕ್ಕ ಭಾರವನ್ನು ಗೋಡೆಯೇ ತಿಕ್ಕಾಟದಿಂದ ಹೊತ್ತುಕೊಳ್ಳುತ್ತದೆ. ಪೆಲೆಟ್ ತೂತಿನಲ್ಲಿರುವುದು ಅದೇ ಗಣಿತ, ತಲೆಕೆಳಗಾಗಿ. ಕಣಜದಲ್ಲಿ ಗೋಡೆ ಕಾಳನ್ನು ಹಿಡಿದು ತಳವನ್ನು ಕಾಪಾಡುತ್ತದೆ, ಇಲ್ಲಿ ಹೊಟ್ಟನ್ನು ಹಿಡಿದು ರೋಲರನ್ನು ಸತಾಯಿಸುತ್ತದೆ. ಡೆನ್ಮಾರ್ಕಿನ ಸಂಶೋಧಕ ಹೋಲ್ಮ್ ಮತ್ತು ಸಂಗಡಿಗರು 2006ರಲ್ಲಿ ಬೀಚ್ ಮತ್ತು ಪೈನ್ ಮರದ ಹೊಟ್ಟಿಗೆ ಈ ಲೆಕ್ಕವನ್ನು ಬಿಡಿಸಿ ತೋರಿಸಿದರು. ಒಂದು ಮರಕ್ಕೆ ಸರಿಹೋದ ಡೈ ಇನ್ನೊಂದಕ್ಕೆ ಯಾಕೆ ಕಚ್ಚಿಕೊಳ್ಳುತ್ತದೆ ಎಂಬ ಮಿಲ್ಲಿನವರ ಹಳೆಯ ಗೋಳಿಗೆ ಉತ್ತರ ಅದರಲ್ಲಿದೆ.

ಇಷ್ಟು ತಿಕ್ಕಿದರೆ ಶಾಖ ಹುಟ್ಟದೆ ಇರುತ್ತದೆಯೆ? ಆ ಶಾಖಕ್ಕೆ ಮರದೊಳಗಿನ ಲಿಗ್ನಿನ್ ಮೆತ್ತಗಾಗುತ್ತದೆ. ಮರದ ತೂಕದಲ್ಲಿ ಸುಮಾರು ಕಾಲು ಭಾಗ ಲಿಗ್ನಿನ್ನೇ. ನಾರುಗಳನ್ನು ಬಿಗಿದು ಮರವನ್ನು ನಿಲ್ಲಿಸಿದ್ದೇ ಅದು. ಪೂರ್ತಿ ಒಣಗಿದ್ದರೆ 100 ಡಿಗ್ರಿಗಿಂತ ಸಾಕಷ್ಟು ಮೇಲೇರಿದರೇ ಅದು ಮಣಿಯುವುದು. ಸ್ವಲ್ಪ ತೇವವಿದ್ದರೆ 100ರ ಆಸುಪಾಸಿನಲ್ಲೇ ಮೆತ್ತಗಾಗಿ ಕಣಕಣವನ್ನೂ ಹಿಡಿದು, ಆರಿದಾಗ ಗಟ್ಟಿಯಾಗುತ್ತದೆ. ಡೈಯಿಂದ ಈಗಷ್ಟೇ ಇಳಿದ ಪೆಲೆಟ್ಟನ್ನು ಅಂಗೈಗೆ ಹಾಕಿಕೊಂಡು ನೋಡಿದ್ದೇನೆ: ಸುಡುತ್ತದೆ, ಮೆತ್ತಗಿರುತ್ತದೆ, ಉಗುರು ಊರುತ್ತದೆ. ಆರಿದ ಮೇಲೆ ಅದೇ ಕಡ್ಡಿ ಮುರಿದರೆ ಪಟ್ಟೆನ್ನುತ್ತದೆ, ಮೈ ಪಾಲಿಶ್ ಹೊಡೆದಂತೆ ಮಿರುಗುತ್ತದೆ. ಮರದಲ್ಲೇ ಇಷ್ಟು ಗೋಂದಿರುವಾಗ ಹೊರಗಿನಿಂದ ಮೈದಾ ತಂದು ಸುರಿಯುವುದು ದಂಡ.

ಪೆಲೆಟ್ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಲೋಟ ನೀರು ಸಾಕು. ಒಳ್ಳೆಯ ಪೆಲೆಟ್ ಮುಳುಗುತ್ತದೆ. ತೇಲುವ ಮರದ ಹೊಟ್ಟಿನಿಂದ ಮುಳುಗುವ ಕಡ್ಡಿ! ತೇಗವೋ ಬೇವೋ, ಮರ ಯಾವುದಾದರೂ ಅದರ ಕೋಶದ ಗೋಡೆ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರ. ಮರ ತೇಲುವುದು ಅದರ ಹೊಟ್ಟೆಯೊಳಗಿನ ಗಾಳಿಯಿಂದ, ಆ ಗಾಳಿಯನ್ನು ಡೈ ಹಿಂಡಿ ತೆಗೆದಿರುತ್ತದೆ. ತೇಲಿದರೆ ಒತ್ತಡ ಸಾಲದು ಎಂದೇ ಲೆಕ್ಕ.

ನೀರಿನ ಬಗ್ಗೆ ಸ್ವಲ್ಪ ಗದರಬೇಕು. ಪುಡಿ ಹಿಡಿಯಲಿಲ್ಲವೆಂದು ಬಕೆಟ್ ಹಿಡಿದು ಸುರಿಯಬೇಡಿ. ತೇವ ನೂರಕ್ಕೆ 10ರಿಂದ 15 ಇರಬೇಕು. ಹೆಚ್ಚಾದರೆ ಹೊಟ್ಟು ಜಾರುತ್ತದೆ, ಒಳಗಿನ ನೀರು ಆವಿಯಾಗಿ ಕಡ್ಡಿಯನ್ನು ಸೀಳುತ್ತದೆ. ತೀರಾ ಕಡಿಮೆಯಾದರೆ ಹೊಟ್ಟು ಸುಟ್ಟು ಕಚ್ಚಿಕೊಳ್ಳುತ್ತದೆ.

ಇದೇ ಪ್ಲೇಟಿನಲ್ಲಿ ಹಸುವಿಗೆ ಮೇವಿನ ಪೆಲೆಟ್ಟನ್ನೂ ಮಾಡಬಹುದೇ ಎಂದೂ ಅವರು ಕೇಳಿದ್ದಾರೆ. ಬೇಡ. ಹಿಂಡಿ, ತೌಡಿನಲ್ಲಿ ಎಣ್ಣೆಯಂಶವಿರುವುದರಿಂದ ಅವು ಜಾರುತ್ತವೆ. ಮೇವಿನ ಡೈಗೆ ಇನ್ನೂ ಉದ್ದನೆಯ ತೂತು ಬೇಕು, ಸಾಮಾನ್ಯವಾಗಿ ಅಗಲದ ಹತ್ತು ಪಟ್ಟಿನ ಆಸುಪಾಸು. ಅಲ್ಲಿ ಹಿಡಿಯುವುದು ಮುಖ್ಯವಾಗಿ ಬೆಂದು ಅಂಟಾದ ಪಿಷ್ಟ. ಹಸು ಬೇಕಾದ್ದನ್ನು ಆರಿಸಿ ತಿಂದು ಮಿಕ್ಕಿದ್ದನ್ನು ಬಿಡಲಾರದು ಎಂಬುದೇ ಮೇವಿನ ಪೆಲೆಟ್ಟಿನ ದೊಡ್ಡ ಲಾಭ. ಆದರೆ ಒಣಹುಲ್ಲನ್ನೂ ನುಣ್ಣಗೆ ಪುಡಿಮಾಡಿ ಪೆಲೆಟ್ ಹೊಡೆದರೆ ಹಸು ಮೆಲುಕು ಹಾಕುವುದು ಕಡಿಮೆಯಾಗಿ ಹಾಲಿನ ಫ್ಯಾಟ್ ಇಳಿಯುತ್ತದೆ, ಡೇರಿಯಲ್ಲಿ ಸಿಗುವ ದರವೂ ಅದರ ಹಿಂದೆಯೇ. ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಪೆಲೆಟ್ ಮಾಡಿದರೆ ಶಾಖಕ್ಕೆ ವಿಷ ಸಾಯುತ್ತದೆ ಎಂಬ ನಂಬಿಕೆ ಇನ್ನೂ ಅಪಾಯದ್ದು. ಬೂಷ್ಟು ಸಾಯಬಹುದು, ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ಆ ಶಾಖಕ್ಕೆ ಜಗ್ಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದ.

ತಿಪಟೂರಿನವರು ಮಾಡಬೇಕಾದದ್ದು ಇಷ್ಟು. 8 ಮಿ.ಮೀ. ತೂತಿಗೆ 45 ಮಿ.ಮೀ. ಆಸುಪಾಸು ದಪ್ಪದ ಪ್ಲೇಟು ಹಾಕಿಸಿ, ಮೆದು ಕಬ್ಬಿಣ ಬೇಡ, ಬೇಗ ಸವೆಯುತ್ತದೆ. ತೂತಿನ ಒಳಗೋಡೆಗೆ ರೀಮರ್ ಆಡಿಸಿ ನುಣುಪು ಮಾಡಿಸಿ. ಮೋಟಾರು ತಿಣುಕಿದರೆ ಹೊಸ ಪ್ಲೇಟು ಬೇಕಿಲ್ಲ. ಕೆಳಗಿನಿಂದ ತೂತನ್ನು ಸ್ವಲ್ಪ ಅಗಲಿಸಿದರೆ ಒತ್ತುವ ಉದ್ದ ಅಷ್ಟು ತಗ್ಗುತ್ತದೆ. ರೋಲರಿಗೆ ಮುಚ್ಚಳ ಇರಲೇಬೇಕು, ಅದಕ್ಕೆ ಹೊಟ್ಟೂ ಬೆರಳೂ ಒಂದೇ. ಸಂಜೆ ನಿಲ್ಲಿಸುವ ಮುನ್ನ ಎಣ್ಣೆ ಕಲಸಿದ ತೌಡನ್ನು ಒಂದೆರಡು ಬೊಗಸೆ ಹಾಕಿ, ತೂತುಗಳೆಲ್ಲ ಅದರಿಂದಲೇ ತುಂಬಿರಲಿ. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಲಿಗ್ನಿನ್ ಆರಿ ಗಟ್ಟಿಯಾಗಿ, ಡ್ರಿಲ್ ಹಿಡಿದು ಒಂದೊಂದೇ ತೂತು ಬಿಡಿಸುತ್ತ ಕೂರಬೇಕಾಗುತ್ತದೆ.