ಅಡಗುವ ಸೋಂಕು, ಕಾಯುವ ದೇಹ: ಚಿಟ್ಟಿಲಿಗಳಲ್ಲಿ ಮೈಕ್ರೊಸ್ಪೊರಿಡಿಯಾ

ರೇಷ್ಮೆ ಸಾಕಣೆಯ ಪ್ರದೇಶದವರಿಗೆ ಗಂಟುರೋಗದ ಹೆಸರು ಹೊಸದಲ್ಲ. ಹೊಸೂರು, ಮಡಕಶಿರಾ ಸೀಮೆಗಳಲ್ಲಿಯೂ ರೋಗರಹಿತ ಮೊಟ್ಟೆಗಳಿಗೆ ರೈತರು ಕೊಡುವ ಮಹತ್ವದ ಹಿಂದೆ ಇದರ ಭಯವಿದೆ. ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು ಮೂಡುವುದರಿಂದ ಫ್ರಾನ್ಸಿನಲ್ಲಿ ಇದನ್ನು ‘ಪೆಬ್ರಿನ್’ ಎಂದು ಕರೆದರು. ಇದಕ್ಕೆ ಕಾರಣವಾದ ಜೀವಿಗೆ ನೇಗೆಲಿ ಎಂಬ ವಿಜ್ಞಾನಿ 1857ರಲ್ಲಿ ‘ನೊಸೀಮಾ ಬೊಂಬಿಸಿಸ್’ ಎಂದು ಹೆಸರಿಟ್ಟನು. ರೋಗವು ತಾಯಿಯಿಂದ ಮೊಟ್ಟೆಗೆ ಸಾಗುತ್ತದೆ. ಆದ್ದರಿಂದ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಸೋಂಕು ಕಂಡರೆ ಅದರ ಮೊಟ್ಟೆಗಳನ್ನು ನಾಶಪಡಿಸುವ ವಿಧಾನವನ್ನು ಲೂಯಿ ಪಾಶ್ಚರ್ ರೂಢಿಗೆ ತಂದನು.

ನೊಸೀಮಾ ಸೇರಿರುವ ಜೀವಿವರ್ಗವೇ ಮೈಕ್ರೊಸ್ಪೊರಿಡಿಯಾ. ಶಿಲೀಂಧ್ರಗಳಿಗೆ ಹತ್ತಿರದ ಈ ಪರಾವಲಂಬಿಗಳು ಕೀಟ, ಮೀನು, ಸಸ್ತನಿಗಳೆಲ್ಲವನ್ನೂ ಸೋಂಕುತ್ತವೆ. ಮನುಷ್ಯನೂ ಇದಕ್ಕೆ ಹೊರತಲ್ಲ. ಇವುಗಳನ್ನು ದೇಹವು ಹೇಗೆ ಎದುರಿಸುತ್ತದೆ ಎಂಬ ತಿಳಿವಳಿಕೆಯ ಬಹುಭಾಗ ದೊರೆತಿರುವುದು ಪ್ರಯೋಗಾಲಯದ ಚಿಟ್ಟಿಲಿಗಳಿಂದ.

ಪರಾವಲಂಬಿಗೆ ನೆಲೆಯಾಗುವ ಜೀವಿಯನ್ನು ಕನ್ನಡದ ವಿಜ್ಞಾನ ಬರಹಗಳು ‘ಆತಿಥೇಯ’ ಎನ್ನುತ್ತವೆ. ಆದರೆ ಇಲ್ಲಿಯ ಅತಿಥಿ ಕರೆಯದೆ ಬಂದವನು, ಒಳಗೆ ಬರುವ ಬಗೆಯೂ ವಿಚಿತ್ರವಾದುದು. ಕೆಲವೇ ಮೈಕ್ರಾನ್ ಉದ್ದದ ಬೀಜಕದೊಳಗೆ ನೀಳವಾದ ಕೊಳವೆಯೊಂದು ಸುರುಳಿ ಸುತ್ತಿಕೊಂಡಿರುತ್ತದೆ. ತಕ್ಕ ಸನ್ನಿವೇಶದಲ್ಲಿ ಅದು ಕ್ಷಣಮಾತ್ರದಲ್ಲಿ ಹೊರಚಿಮ್ಮುತ್ತದೆ. ಬೀಜಕದ ಒಳದ್ರವ್ಯವು ಅದರ ಮೂಲಕ ಆತಿಥೇಯ ಜೀವಕೋಶದೊಳಕ್ಕೆ ಇಳಿಯುತ್ತದೆ. ಪೂರ್ಣ ಪ್ರಮಾಣದ ಮೈಟೊಕಾಂಡ್ರಿಯಾ ಇಲ್ಲದ ಈ ಜೀವಿ ತನಗೆ ಬೇಕಾದ ಶಕ್ತಿಯನ್ನೂ ಆ ಜೀವಕೋಶದಿಂದಲೇ ಸೆಳೆದುಕೊಂಡು ಬೆಳೆಯುತ್ತದೆ. ಜೀವಕೋಶದ ಗೋಡೆಯೊಳಗೆ ಅಡಗಿದ ಶತ್ರುವನ್ನು ರಕ್ತದಲ್ಲಿ ಸಂಚರಿಸುವ ಪ್ರತಿಕಾಯಗಳು ಸುಲಭವಾಗಿ ತಲಪಲಾರವು. ಹಾಗಾದರೆ ದೇಹವನ್ನು ಕಾಯುವವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಲು ಹೆಚ್ಚಾಗಿ ಬಳಕೆಯಾದುದು 1922ರಲ್ಲಿ ಮೊಲಗಳಲ್ಲಿ ಮೊದಲು ಗುರುತಿಸಲಾದ ‘ಎನ್ಸೆಫಲಿಟೊಜೂನ್ ಕುನಿಕ್ಯುಲಿ’ ಎಂಬ ಪ್ರಭೇದ. ಆರೋಗ್ಯವಂತ ಚಿಟ್ಟಿಲಿಗೆ ಇದರ ಬೀಜಕಗಳನ್ನು ಚುಚ್ಚಿದರೆ ಸಾಮಾನ್ಯವಾಗಿ ಅದು ಸಾಯುವುದಿಲ್ಲ. ಕಾಯಿಲೆಯ ಹೊರಚಿಹ್ನೆಗಳೂ ವಿರಳ. ಥೈಮಸ್ ಗ್ರಂಥಿಯಿಲ್ಲದೆ, ಆ ಕಾರಣದಿಂದ ಟಿ ಜೀವಕೋಶಗಳು ಬಲಿಯದೆ ಹುಟ್ಟುವ ರೋಮರಹಿತ ಇಲಿಗಳ ಕಥೆ ಬೇರೆ. ಅವುಗಳಲ್ಲಿ ಪರಾವಲಂಬಿ ತಡೆಯಿಲ್ಲದೆ ಹೆಚ್ಚಿ ಪ್ರಾಣ ತೆಗೆಯುತ್ತದೆ. 1980ರ ದಶಕದ ಪ್ರಯೋಗಗಳಲ್ಲಿ, ಸೋಂಕನ್ನು ಗೆದ್ದ ಇಲಿಗಳ ಟಿ ಜೀವಕೋಶಗಳನ್ನು ವರ್ಗಾಯಿಸಿದಾಗ ಇಂತಹ ಇಲಿಗಳಿಗೆ ರಕ್ಷಣೆ ದೊರೆಯಿತು. ಪ್ರತಿಕಾಯಗಳಿರುವ ರಕ್ತಸಾರವನ್ನಷ್ಟೇ ಕೊಟ್ಟಾಗ ದೊರೆಯಲಿಲ್ಲ.

ಟಿ ಜೀವಕೋಶಗಳಲ್ಲಿಯೂ ಬಗೆಗಳಿವೆ. ಸಿಡಿ4 ಎಂಬ ಗುರುತುಳ್ಳವು ಮುಖ್ಯವಾಗಿ ಇತರ ಜೀವಕೋಶಗಳಿಗೆ ನೆರವಾಗುತ್ತವೆ. ಸಿಡಿ8 ಗುರುತಿನವು ಸೋಂಕಿಗೊಳಗಾದ ಜೀವಕೋಶವನ್ನೇ ಪತ್ತೆಹಚ್ಚಿ ಕೊಲ್ಲುತ್ತವೆ. ಒಂದು ಅಂಶದ ಕೆಲಸವನ್ನು ಅರಿಯಲು ಅದನ್ನು ತೆಗೆದು ನೋಡುವುದೇ ಇಂತಹ ಸಂಶೋಧನೆಯ ಕ್ರಮ. ಸಂಬಂಧಿಸಿದ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದ ಇಲಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವು ಸ್ಪಷ್ಟ ಚಿತ್ರವನ್ನು ಕೊಟ್ಟಿತು. ಉದರಕುಹರಕ್ಕೆ ಸೋಂಕು ಕೊಟ್ಟಾಗ ಸಿಡಿ4 ಇಲ್ಲದ ಇಲಿಗಳು ಉಳಿದವು; ಸಿಡಿ8 ಇಲ್ಲದವು ಸತ್ತವು. ಸಿಡಿ8 ಜೀವಕೋಶಗಳು ಶತ್ರುವಿರುವ ಜೀವಕೋಶದ ಪೊರೆಯನ್ನು ತೂತುಮಾಡಲು ಬಳಸುವ ಪರ್ಫೊರಿನ್ ಎಂಬ ಪ್ರೋಟೀನಿಲ್ಲದ ಇಲಿಗಳೂ ಬದುಕಲಿಲ್ಲ. ಅಡಗುದಾಣವನ್ನೇ ಕೆಡವುವುದು ಇಲ್ಲಿ ರಕ್ಷಣೆಯ ಮುಖ್ಯ ಮಾರ್ಗವೆಂಬುದು ಇದರಿಂದ ತಿಳಿಯಿತು. ಬಾಯಿಯ ಮೂಲಕ ಸೋಂಕು ತಗುಲಿದಾಗ ಕರುಳಿನ ಒಳಪದರದ ರಕ್ಷಕ ಜೀವಕೋಶಗಳ ಪಾತ್ರವೂ ಹಿರಿದು.

ಇದರೊಡನೆ ಇಂಟರ್‌ಫೆರಾನ್ ಗಾಮಾ ಮತ್ತು ಇಂಟರ್‌ಲ್ಯೂಕಿನ್ 12 ಎಂಬ ಸಂದೇಶವಾಹಕ ಪ್ರೋಟೀನುಗಳೂ ಅನಿವಾರ್ಯ. ಸೂಕ್ಷ್ಮಜೀವಿಗಳನ್ನು ನುಂಗುವ ಮ್ಯಾಕ್ರೊಫೇಜ್ ಜೀವಕೋಶಗಳಲ್ಲಿಯೇ ಈ ಪರಾವಲಂಬಿ ಮನೆಮಾಡಿಕೊಳ್ಳಬಲ್ಲದು. ಇಂಟರ್‌ಫೆರಾನ್ ಗಾಮಾದಿಂದ ಎಚ್ಚೆತ್ತ ಮ್ಯಾಕ್ರೊಫೇಜ್ ಮಾತ್ರ ಅದನ್ನು ಸಮರ್ಥವಾಗಿ ಕೊಲ್ಲುತ್ತದೆ. ಕಾವಲುಗಾರನಿದ್ದರೆ ಸಾಲದು, ಎಚ್ಚರಿಸುವ ಕರೆಯೂ ಅವನಿಗೆ ಮುಟ್ಟಬೇಕು.

ಆದರೂ ಈ ಗೆಲುವು ಪೂರ್ಣವಲ್ಲ. ಆರೋಗ್ಯವಂತ ಇಲಿಗಳು ಸೋಂಕಿನಿಂದ ಮುಕ್ತವಾದಂತೆ ಕಂಡರೂ ಪರಾವಲಂಬಿ ಅವುಗಳ ಅಂಗಾಂಶಗಳಲ್ಲಿ ಸುಪ್ತವಾಗಿ ಉಳಿಯಬಲ್ಲದು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಂತಹ ಇಲಿಗಳ ರೋಗನಿರೋಧಕ ಶಕ್ತಿಯನ್ನು ಡೆಕ್ಸಾಮೆಥಸೋನ್ ಔಷಧದಿಂದ ಕುಗ್ಗಿಸಿದಾಗ ಸೋಂಕು ಮತ್ತೆ ತಲೆಯೆತ್ತಿತು. ಚಿಕಿತ್ಸೆಗೆ ಬಳಸುವ ಆಲ್ಬೆಂಡಜೋಲ್ ಕೂಡ ಅದನ್ನು ಬೇರುಸಹಿತ ಕೀಳಲಿಲ್ಲ.

ಈ ಫಲಿತಾಂಶವು ಇಲಿಗಳಿಗಷ್ಟೇ ಸಂಬಂಧಿಸಿದುದಲ್ಲ. 1985ರಲ್ಲಿ ಏಡ್ಸ್ ರೋಗಿಯ ಕರುಳಿನಲ್ಲಿ ‘ಎಂಟೆರೊಸೈಟೊಜೂನ್ ಬಿಯನ್ಯೂಸಿ’ ಎಂಬ ಮೈಕ್ರೊಸ್ಪೊರಿಡಿಯಾ ಪ್ರಭೇದವು ಗುರುತಿಸಲ್ಪಟ್ಟ ಬಳಿಕ, ದೀರ್ಘಕಾಲದ ಭೇದಿಗೆ ಇವೂ ಕಾರಣವೆಂಬುದು ವೈದ್ಯರ ಗಮನಕ್ಕೆ ಬಂದಿತು. ಅಂಗಾಂಗ ಕಸಿಯ ನಂತರ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುವವರಿಗೂ ಇವುಗಳಿಂದ ಅಪಾಯವುಂಟು. ರೋಗಲಕ್ಷಣ ಇಲ್ಲದಿರುವುದೇ ರೋಗಾಣು ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಚಿಟ್ಟಿಲಿಯ ದೇಹವು ಕರೆಯದೆ ಬಂದ ಅತಿಥಿಯನ್ನು ಹೊರದೂಡುವುದಕ್ಕಿಂತ ಹೆಚ್ಚಾಗಿ ಹದ್ದುಬಸ್ತಿನಲ್ಲಿ ಇಡುತ್ತದೆ. ಆ ಕಾವಲು ಸಡಿಲವಾಗದೆ ಇರುವಷ್ಟು ಕಾಲ ಮಾತ್ರ ಅದು ಆರೋಗ್ಯವಂತ.