ಮೃತರ ಗಣಕಯಂತ್ರದ ದತ್ತಾಂಶ ಮರುಪಡೆಯುವಿಕೆ ಮತ್ತು ಅಳಿಸುವಿಕೆ

ಮೃತರ ಗಣಕಯಂತ್ರದ ದತ್ತಾಂಶ ಮರುಪಡೆಯುವಿಕೆ ಮತ್ತು ಅಳಿಸುವಿಕೆ ಎಂಬುದು ನಿಧನ ಹೊಂದಿದ ವ್ಯಕ್ತಿಯ ಗಣಕಯಂತ್ರದ ಹಾರ್ಡ್ ಡಿಸ್ಕ್ ಅಥವಾ ಇತರ ಸಂಗ್ರಹ ಸಾಧನದಿಂದ ಛಾಯಾಚಿತ್ರ, ಬರಹ, ಹಣಕಾಸಿನ ದಾಖಲೆ ಮೊದಲಾದವನ್ನು ಹೊರತೆಗೆದು ಉಳಿಸಿಕೊಳ್ಳುವ ಹಾಗೂ ಸಾಧನವನ್ನು ಮಾರುವ, ದಾನ ಮಾಡುವ ಇಲ್ಲವೇ ವಿಲೇವಾರಿ ಮಾಡುವ ಮುನ್ನ ಅದರಲ್ಲಿರುವ ಮಾಹಿತಿಯನ್ನು ಯಾರೂ ಮತ್ತೆ ಓದಲಾಗದಂತೆ ಅಳಿಸುವ ಪ್ರಕ್ರಿಯೆ. ಮೊದಲ ಹಂತದಲ್ಲಿ ಲೋಪವಾದರೆ ಕುಟುಂಬದ ನೆನಪುಗಳೂ ಆಸ್ತಿಯ ದಾಖಲೆಗಳೂ ಶಾಶ್ವತವಾಗಿ ನಷ್ಟವಾಗಬಹುದು. ಎರಡನೆಯ ಹಂತದಲ್ಲಿ ಲೋಪವಾದರೆ ಮೃತರ ಹಾಗೂ ಅವರೊಡನೆ ವ್ಯವಹರಿಸಿದವರ ಖಾಸಗಿ ಮಾಹಿತಿ ಅಪರಿಚಿತರ ಕೈಸೇರಬಹುದು.

ಹಿನ್ನೆಲೆ

ಮೃತರ ವಿದ್ಯುನ್ಮಾನ ಮಾಹಿತಿಯ ಮೇಲೆ ವಾರಸುದಾರರಿಗೆ ಹಕ್ಕಿದೆಯೇ ಎಂಬ ಪ್ರಶ್ನೆ 21ನೆಯ ಶತಮಾನದ ಆರಂಭದಲ್ಲಿ ನ್ಯಾಯಾಲಯಗಳ ಮುಂದೆ ಬಂದಿತು. 2004ರಲ್ಲಿ ಇರಾಕಿನಲ್ಲಿ ಮಡಿದ ಅಮೆರಿಕದ ಯೋಧ ಜಸ್ಟಿನ್ ಎಲ್ಸ್‌ವರ್ತ್ ಅವರ ಇ-ಅಂಚೆಗಳನ್ನು ಕೋರಿ ತಂದೆ ಸಲ್ಲಿಸಿದ ಅರ್ಜಿಯ ಮೇರೆಗೆ ಮಿಷಿಗನ್ ರಾಜ್ಯದ ನ್ಯಾಯಾಲಯವು 2005ರಲ್ಲಿ ಅವನ್ನು ಒದಗಿಸುವಂತೆ ಯಾಹೂ ಸಂಸ್ಥೆಗೆ ಆದೇಶಿಸಿತು. 2018ರಲ್ಲಿ ಜರ್ಮನಿಯ ಫೆಡರಲ್ ನ್ಯಾಯಾಲಯವು ಮೃತ ಬಾಲಕಿಯ ಫೇಸ್‌ಬುಕ್ ಖಾತೆಯು ಪತ್ರ, ದಿನಚರಿಗಳಂತೆಯೇ ವಾರಸುದಾರರಿಗೆ ಸಲ್ಲುತ್ತದೆ ಎಂದು ತೀರ್ಪಿತ್ತಿತು. ಇವು ಅಂತರಜಾಲ ಖಾತೆಗಳಿಗೆ ಸಂಬಂಧಿಸಿದ ಪ್ರಕರಣಗಳು. ಮನೆಯಲ್ಲೇ ಉಳಿದ ಗಣಕಯಂತ್ರದ ವಿಷಯದಲ್ಲಿ ಎದುರಾಗುವ ತೊಡಕುಗಳು ಹೆಚ್ಚಾಗಿ ತಾಂತ್ರಿಕವಾದವು.

ಬಳಸಿದ ಡಿಸ್ಕ್‌ಗಳಲ್ಲಿ ಮಾಹಿತಿ ಉಳಿದುಬಿಡುವ ಅಪಾಯವನ್ನು ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ ಅವರ 2003ರ ಅಧ್ಯಯನವು ತೋರಿಸಿಕೊಟ್ಟಿತು. ಅವರು ಕೊಂಡ 158 ಹಳೆಯ ಡಿಸ್ಕ್‌ಗಳಲ್ಲಿ 129 ಕಾರ್ಯನಿರ್ವಹಿಸುತ್ತಿದ್ದವು. ಅವುಗಳಲ್ಲಿ ಸರಿಯಾಗಿ ಅಳಿಸಲ್ಪಟ್ಟಿದ್ದವು 12 ಮಾತ್ರ.

ಅಳಿಸಿದ ದತ್ತಾಂಶ ಉಳಿಯುವ ಬಗೆ

ಸಾಂಪ್ರದಾಯಿಕ ಹಾರ್ಡ್ ಡಿಸ್ಕ್‌ನಲ್ಲಿ ಮಾಹಿತಿಯು ತಿರುಗುವ ತಟ್ಟೆಗಳ ಮೇಲೆ ಕಾಂತೀಯ ಗುರುತುಗಳಾಗಿ ದಾಖಲಾಗಿರುತ್ತದೆ. ಕಡತವೊಂದನ್ನು ಅಳಿಸಿದಾಗ ಕಾರ್ಯಾಚರಣ ವ್ಯವಸ್ಥೆಯು ಆ ಜಾಗ ಖಾಲಿಯಿದೆ ಎಂದು ಗುರುತು ಹಾಕುತ್ತದೆಯೇ ಹೊರತು ಮಾಹಿತಿಯನ್ನು ಒರೆಸುವುದಿಲ್ಲ. ಗ್ರಂಥಾಲಯದ ಸೂಚಿಯಿಂದ ಚೀಟಿ ಕಿತ್ತರೂ ಪುಸ್ತಕ ಕಪಾಟಿನಲ್ಲೇ ಇರುವಂತೆ, ಆ ಜಾಗದ ಮೇಲೆ ಬೇರೆ ಕಡತ ಬರೆಯಲ್ಪಡುವವರೆಗೆ ಹಳೆಯ ಮಾಹಿತಿ ಉಳಿದಿರುತ್ತದೆ. ‘ಕ್ವಿಕ್ ಫಾರ್ಮ್ಯಾಟ್’ ಕೂಡ ಸೂಚಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ.

ಸಾಲಿಡ್ ಸ್ಟೇಟ್ ಡ್ರೈವ್ (ಎಸ್‌ಎಸ್‌ಡಿ) ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ. ‘ಟ್ರಿಮ್’ ಆದೇಶದ ಮೂಲಕ ಕಾರ್ಯಾಚರಣ ವ್ಯವಸ್ಥೆಯು ಅಳಿಸಿದ ಜಾಗಗಳನ್ನು ಡ್ರೈವ್‌ಗೆ ತಿಳಿಸುತ್ತದೆ ಮತ್ತು ಡ್ರೈವ್ ಅವನ್ನು ತಾನಾಗಿ ಖಾಲಿ ಮಾಡಿಕೊಳ್ಳುತ್ತದೆ. ಆದ್ದರಿಂದ ಎಸ್‌ಎಸ್‌ಡಿಯಲ್ಲಿ ಅಳಿಸಿದ ಕಡತವನ್ನು ಮರಳಿ ಪಡೆಯುವ ಸಾಧ್ಯತೆ ಕಡಿಮೆ. ಇನ್ನೊಂದೆಡೆ, ಕೋಶಗಳು ಸಮನಾಗಿ ಸವೆಯುವಂತೆ ಡ್ರೈವ್ ಬರೆಯುವ ಜಾಗವನ್ನು ಬದಲಿಸುತ್ತಿರುವುದರಿಂದ ಹಳೆಯ ಪ್ರತಿಗಳು ಬಳಕೆದಾರರಿಗೆ ಕಾಣದ ಭಾಗದಲ್ಲಿ ಉಳಿಯಲೂಬಹುದು.

ಮರುಪಡೆಯುವಿಕೆ

ಪ್ರತಿ ತೆಗೆಯುವುದು

ಮೂಲ ಡಿಸ್ಕ್‌ನ ಮೇಲೆ ಏನನ್ನೂ ಬರೆಯದಿರುವುದು ಈ ಹಂತದ ಮೊದಲ ನಿಯಮ. ಮರುಪಡೆಯುವ ತಂತ್ರಾಂಶವನ್ನು ಅದೇ ಡಿಸ್ಕ್‌ನಲ್ಲಿ ಅಳವಡಿಸಿದರೆ ಹುಡುಕುತ್ತಿರುವ ಕಡತವೇ ಅಳಿಸಿಹೋಗಬಹುದು. ಸಾಮಾನ್ಯವಾಗಿ ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ, ಇಡೀ ಡಿಸ್ಕ್‌ನ ಯಥಾಪ್ರತಿಯನ್ನು ಮೊದಲು ತೆಗೆಯಲಾಗುತ್ತದೆ. ಮುಂದಿನ ಕೆಲಸವೆಲ್ಲ ಆ ಪ್ರತಿಯ ಮೇಲೆ ನಡೆಯುತ್ತದೆ. ಗ್ನೂ ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶವು ಸುಲಭವಾಗಿ ಓದಬಲ್ಲ ಭಾಗಗಳನ್ನು ಮೊದಲು ನಕಲಿಸಿ, ಕೆಟ್ಟ ಭಾಗಗಳನ್ನು ಕೊನೆಗೆ ಪ್ರಯತ್ನಿಸುತ್ತದೆ. ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಅದು ಯಾಂತ್ರಿಕ ದೋಷದ ಸೂಚನೆ. ಆಗ ಕೂಡಲೇ ವಿದ್ಯುತ್ ನಿಲ್ಲಿಸಿ ವೃತ್ತಿಪರ ಪ್ರಯೋಗಾಲಯಕ್ಕೆ ಒಪ್ಪಿಸಬೇಕಾಗುತ್ತದೆ.

ಅಳಿಸಲ್ಪಟ್ಟ ಕಡತಗಳನ್ನು ಹುಡುಕಲು ಟೆಸ್ಟ್‌ಡಿಸ್ಕ್ ಮತ್ತು ಫೋಟೋರೆಕ್ ತಂತ್ರಾಂಶಗಳು ಬಳಕೆಯಲ್ಲಿವೆ. ಫೋಟೋರೆಕ್ ಪ್ರತಿಯೊಂದು ಬಗೆಯ ಕಡತದ ಆರಂಭದಲ್ಲಿರುವ ನಿರ್ದಿಷ್ಟ ಗುರುತನ್ನು ಹಿಡಿದು ಹುಡುಕುವುದರಿಂದ ಸಿಕ್ಕ ಕಡತಗಳಿಗೆ ಮೂಲ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಸಾವಿರಾರು ಚಿತ್ರಗಳನ್ನು ಒಂದೊಂದಾಗಿ ನೋಡಿ ವಿಂಗಡಿಸುವ ಕೆಲಸ ಕುಟುಂಬದವರದೇ ಆಗುತ್ತದೆ.

ಗುಪ್ತಪದ ಮತ್ತು ಗೂಢಲಿಪೀಕರಣ

ವಿಂಡೋಸ್‌ನ ಪ್ರವೇಶ ಗುಪ್ತಪದವು ತಾನಾಗಿ ಡಿಸ್ಕನ್ನು ರಕ್ಷಿಸುವುದಿಲ್ಲ; ಗೂಢಲಿಪೀಕರಣವಿಲ್ಲದ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದರೆ ಕಡತಗಳನ್ನು ಓದಬಹುದು. ಆದರೆ ಗುಪ್ತಪದವನ್ನು ಬಲವಂತವಾಗಿ ಬದಲಿಸುವ ಸಾಧನಗಳನ್ನು ಮೂಲ ಡಿಸ್ಕ್‌ನ ಮೇಲೆ ಬಳಸಿದರೆ, ಆ ಗುಪ್ತಪದಕ್ಕೆ ಬೆಸೆದ ಕೀಲಿಯಿಂದ ರಕ್ಷಿತವಾದ ಕಡತಗಳೂ ಬ್ರೌಸರ್‌ನಲ್ಲಿ ಉಳಿಸಿದ ಗುಪ್ತಪದಗಳೂ ಕೈತಪ್ಪಬಹುದು.

ಬಿಟ್‌ಲಾಕರ್, ಫೈಲ್‌ವಾಲ್ಟ್ ಅಥವಾ ಲಕ್ಸ್‌ನಿಂದ ಗೂಢಲಿಪೀಕೃತವಾದ ಡಿಸ್ಕ್ ಕೀಲಿಯಿಲ್ಲದೆ ತೆರೆಯುವುದಿಲ್ಲ. ಬಿಟ್‌ಲಾಕರ್‌ನ ಮರುಪಡೆಯುವ ಕೀಲಿಯು 48 ಅಂಕಿಗಳದ್ದು. ಅದು ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿ, ಮುದ್ರಿಸಿಟ್ಟ ಕಾಗದದಲ್ಲಿ ಅಥವಾ ಪೆನ್‌ಡ್ರೈವ್‌ನಲ್ಲಿ ಇರಬಹುದು. ಆದ್ದರಿಂದ ಮೃತರ ಕಾಗದಪತ್ರ, ಡೈರಿಗಳನ್ನು ಹುಡುಕುವುದೂ, ಅವರ ದೂರವಾಣಿ ಸಂಖ್ಯೆಯನ್ನು ಅವಸರದಲ್ಲಿ ರದ್ದುಗೊಳಿಸದಿರುವುದೂ ಮುಖ್ಯವಾಗುತ್ತದೆ. ಆಪಲ್‌ನ ಇತ್ತೀಚಿನ ಗಣಕಯಂತ್ರಗಳಲ್ಲಿ ಸಂಗ್ರಹವು ಅದೇ ಯಂತ್ರದ ಚಿಪ್‌ಗೆ ಬೆಸೆದುಕೊಂಡಿರುವುದರಿಂದ ಅದನ್ನು ಬೇರ್ಪಡಿಸಿ ಓದುವ ದಾರಿಯೂ ಇಲ್ಲ.

ಹಳೆಯ ಕನ್ನಡ ಕಡತಗಳು

ಯುನಿಕೋಡ್ ವ್ಯಾಪಕವಾಗುವ ಮುನ್ನ ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಕಡತಗಳು ಹಳೆಯ ಗಣಕಯಂತ್ರಗಳಲ್ಲಿ ಹೇರಳವಾಗಿ ಸಿಗುತ್ತವೆ. ಇಂಥ ಕಡತಗಳೊಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳು. ಅಕ್ಷರಶೈಲಿ ಮಾತ್ರ ಅವನ್ನು ಕನ್ನಡವಾಗಿ ತೋರಿಸುತ್ತದೆ. ಹೊಸ ಯಂತ್ರದಲ್ಲಿ ತೆರೆದಾಗ ಅವು ಅರ್ಥವಿಲ್ಲದ ಚಿಹ್ನೆಗಳ ಸಾಲಿನಂತೆ ಕಾಣುವುದರಿಂದ, ಕಡತ ಕೆಟ್ಟಿದೆಯೆಂದು ತಪ್ಪಾಗಿ ತಿಳಿದು ಬಿಸಾಡುವ ಅಪಾಯವಿದೆ. ಕನ್ನಡ ಪದ ನೀಡಿ ಹುಡುಕಿದರೂ ಅವು ಸಿಗುವುದಿಲ್ಲ. ಹಳೆಯ ಡಿಸ್ಕ್‌ನ ಫಾಂಟ್ ಕಡತಕೋಶವನ್ನೂ ನಕಲಿಸಿಕೊಂಡು, ಬಳಿಕ ಪರಿವರ್ತಕದ ಮೂಲಕ ಪಠ್ಯವನ್ನು ಯುನಿಕೋಡ್‌ಗೆ ತರಬಹುದು. ಅಪ್ರಕಟಿತ ಕೃತಿಗಳನ್ನು ಬಿಟ್ಟುಹೋದ ಲೇಖಕರ ವಿಷಯದಲ್ಲಿ ಈ ಎಚ್ಚರ ವಿಶೇಷವಾಗಿ ಅಗತ್ಯ.

ಅಳಿಸುವ ಮುನ್ನ

ಉಳಿಸಿಕೊಂಡ ಕಡತಗಳು ನಿಜವಾಗಿ ತೆರೆದುಕೊಳ್ಳುತ್ತವೆಯೇ ಎಂದು ಪರೀಕ್ಷಿಸಿ, ಕನಿಷ್ಠ ಎರಡು ಬೇರೆ ಸಾಧನಗಳಲ್ಲಿ ಪ್ರತಿ ಇಡುವುದು ವಾಡಿಕೆ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಕಡತಕೋಶಗಳಲ್ಲದೆ ಇ-ಅಂಚೆ ತಂತ್ರಾಂಶದ ಸಂಗ್ರಹ, ಲೆಕ್ಕಪತ್ರ ತಂತ್ರಾಂಶದ ದತ್ತಾಂಶ, ದೂರವಾಣಿಯಿಂದ ನಕಲಿಸಿಟ್ಟ ಚಿತ್ರಗಳು, ಕ್ರಿಪ್ಟೋ ಕರೆನ್ಸಿಯ ವ್ಯಾಲೆಟ್ ಕಡತ ಇವೆಯೇ ಎಂದು ನೋಡಲಾಗುತ್ತದೆ. ಭಾರತದಲ್ಲಿ ಮೃತರ ಆದಾಯ ತೆರಿಗೆ ವಿವರಗಳನ್ನು ಕಾನೂನುಬದ್ಧ ಪ್ರತಿನಿಧಿಯೇ ಸಲ್ಲಿಸಬೇಕಾಗುವುದರಿಂದ, ಆಸ್ತಿ ಮತ್ತು ತೆರಿಗೆಯ ವ್ಯವಹಾರ ಮುಗಿಯುವವರೆಗೆ ಮೂಲ ಡಿಸ್ಕನ್ನು ಹಾಗೆಯೇ ಕಾಯ್ದಿಡುವುದು ಕ್ಷೇಮಕರ.

ಅಳಿಸುವಿಕೆ

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು (ಎನ್‌ಐಎಸ್‌ಟಿ) 2006ರಲ್ಲಿ ಪ್ರಕಟಿಸಿ 2014ರಲ್ಲಿ ಪರಿಷ್ಕರಿಸಿದ 800-88 ಮಾರ್ಗಸೂಚಿಯು ಮೂರು ಹಂತಗಳನ್ನು ಹೇಳುತ್ತದೆ:

• ಕ್ಲಿಯರ್: ಸಾಮಾನ್ಯ ತಂತ್ರಾಂಶಗಳಿಂದ ಮರುಪಡೆಯಲಾಗದಂತೆ ಹೊಸ ಮಾಹಿತಿಯನ್ನು ಮೇಲೆ ಬರೆಯುವುದು.
• ಪರ್ಜ್: ಪ್ರಯೋಗಾಲಯದ ಸಾಧನಗಳಿಂದಲೂ ಮರುಪಡೆಯಲಾಗದಂತೆ ಮಾಡುವುದು.
• ಡಿಸ್ಟ್ರಾಯ್: ಸಾಧನವನ್ನು ಪುಡಿಮಾಡಿ, ಕರಗಿಸಿ ಅಥವಾ ಸುಟ್ಟು ನಾಶಪಡಿಸುವುದು.

1996ರಲ್ಲಿ ಪೀಟರ್ ಗುಟ್‌ಮನ್ ಅವರು ಸೂಚಿಸಿದ 35 ಬಾರಿ ಮೇಲೆ ಬರೆಯುವ ವಿಧಾನವು ಅಂದಿನ ವಿವಿಧ ತಂತ್ರಜ್ಞಾನಗಳನ್ನು ಗಮನದಲ್ಲಿಟ್ಟುಕೊಂಡಿತ್ತು. ಆಧುನಿಕ ಡಿಸ್ಕ್‌ಗಳಿಗೆ ಅದು ಅನಗತ್ಯವೆಂದು ಮುಂದೆ ಅವರೇ ಸ್ಪಷ್ಟಪಡಿಸಿದರು. ಕಾಂತೀಯ ಹಾರ್ಡ್ ಡಿಸ್ಕ್‌ಗೆ ಪೂರ್ಣವಾಗಿ ಒಂದು ಬಾರಿ ಸೊನ್ನೆಗಳನ್ನು ಬರೆದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಇದಕ್ಕೆ ಡಿಬ್ಯಾನ್, ಎನ್‌ವೈಪ್ ಮೊದಲಾದ ತಂತ್ರಾಂಶಗಳಿವೆ. ಎಸ್‌ಎಸ್‌ಡಿಗೆ ಮೇಲೆ ಬರೆಯುವ ವಿಧಾನ ವಿಶ್ವಾಸಾರ್ಹವಲ್ಲ. ತಯಾರಕರು ಡ್ರೈವ್‌ನೊಳಗೆ ಅಳವಡಿಸಿರುವ ‘ಸೆಕ್ಯೂರ್ ಇರೇಸ್’ ಅಥವಾ ‘ಸ್ಯಾನಿಟೈಸ್’ ಆದೇಶವನ್ನು ಬಳಸಬೇಕು. ಗೂಢಲಿಪೀಕೃತ ಡ್ರೈವ್‌ನಲ್ಲಿ ಕೀಲಿಯ ಎಲ್ಲ ಪ್ರತಿಗಳನ್ನು ನಾಶಪಡಿಸಿದರೆ ಉಳಿದ ಮಾಹಿತಿಯೂ ನಿರುಪಯುಕ್ತವಾಗುತ್ತದೆ. ಅಳಿಸುವ ಆದೇಶ ನೀಡುವ ಮುನ್ನ ಇತರ ಡಿಸ್ಕ್‌ಗಳನ್ನು ಬೇರ್ಪಡಿಸಿ, ಡಿಸ್ಕ್‌ನ ಕ್ರಮಸಂಖ್ಯೆಯನ್ನು ತಾಳೆ ನೋಡುವುದರಿಂದ ತಪ್ಪು ಡಿಸ್ಕ್ ಅಳಿಸುವ ಅನಾಹುತ ತಪ್ಪುತ್ತದೆ.

ಭಾರತದಲ್ಲಿ ಕಾನೂನು

ಗಣಕಯಂತ್ರವು ಚರಾಸ್ತಿಯಾದ್ದರಿಂದ ಅದು ಉಯಿಲು ಅಥವಾ ಉತ್ತರಾಧಿಕಾರ ಕಾನೂನಿನಂತೆ ವಾರಸುದಾರರಿಗೆ ಸೇರುತ್ತದೆ. ಉದ್ಯೋಗದಾತ ಸಂಸ್ಥೆಯು ನೀಡಿದ ಲ್ಯಾಪ್‌ಟಾಪ್ ಮೃತರ ಆಸ್ತಿಯಲ್ಲ. ಅದನ್ನು ಸಂಸ್ಥೆಗೆ ಹಿಂದಿರುಗಿಸಬೇಕು. ಮಾಲೀಕರ ಅನುಮತಿಯಿಲ್ಲದೆ ಗಣಕಯಂತ್ರವನ್ನು ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೆಯ ಪ್ರಕರಣದ ವ್ಯಾಪ್ತಿಗೆ ಬರುತ್ತದೆ. ಅದೇ ಕಾಯ್ದೆಯು ಉಯಿಲನ್ನು ವಿದ್ಯುನ್ಮಾನ ದಾಖಲೆಯ ಮಾನ್ಯತೆಯಿಂದ ಹೊರಗಿಟ್ಟಿರುವುದರಿಂದ, ಡಿಸ್ಕ್‌ನಲ್ಲಿ ಸಿಕ್ಕ ಉಯಿಲಿನ ಕಡತವು ಸಹಿ ಮತ್ತು ಸಾಕ್ಷಿಗಳಿರುವ ಕಾಗದದ ಉಯಿಲಿಗೆ ಸಮನಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ 14ನೆಯ ಪ್ರಕರಣವು ಮರಣಾನಂತರ ತಮ್ಮ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವ ಅವಕಾಶವನ್ನು ನೀಡುತ್ತದೆ. ಬಳಕೆಗೆ ಬಾರದ ಸಾಧನಗಳನ್ನು ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಪ್ರಕಾರ ನೋಂದಾಯಿತ ಮರುಬಳಕೆ ಘಟಕಗಳ ಮೂಲಕ ವಿಲೇವಾರಿ ಮಾಡಬೇಕಾಗುತ್ತದೆ.

ಇವನ್ನೂ ನೋಡಿ

• ಹಾರ್ಡ್ ಡಿಸ್ಕ್
• ಗೂಢಲಿಪಿಶಾಸ್ತ್ರ
• ಯುನಿಕೋಡ್
• ನುಡಿ (ತಂತ್ರಾಂಶ)
• ಇ-ತ್ಯಾಜ್ಯ